ಸಾಗರಗಳ ದೀರ್ಘಾವಧಿ ಏರಿಳಿತ ಮತ್ತು ಧ್ರುವಗಳ ವಾಯುಗುಣ

ಸಾಗರಗಳ ಮೇಲ್ಮೈ ಉಷ್ಣತೆ, ಉಪ್ಪಿನಂಶ ಮತ್ತು ಪ್ರವಾಹಗಳ ಬಲ ಹತ್ತಾರು ವರ್ಷಗಳ ಅವಧಿಯಲ್ಲಿ ಏರುತ್ತವೆ, ಇಳಿಯುತ್ತವೆ. ಈ ನಿಧಾನದ ಏರಿಳಿತ ಭೂಮಿಯ ಎಲ್ಲ ಕಡೆಯ ಹವೆಯನ್ನೂ ಅಷ್ಟಿಷ್ಟು ಬದಲಿಸುತ್ತದಾದರೂ ಅದರ ಗುರುತು ಎದ್ದು ಕಾಣುವುದು ಎರಡು ಧ್ರುವ ಪ್ರದೇಶಗಳಲ್ಲಿ. ಉತ್ತರ ಧ್ರುವದ ಸುತ್ತ ಅಟ್ಲಾಂಟಿಕ್ ಬಹುದಶಕ ಆಂದೋಲನ ಮತ್ತು ಪೆಸಿಫಿಕ್ ದಶಕ ಆಂದೋಲನಗಳ ಪ್ರಭಾವ ಹೆಚ್ಚು. ಅಂಟಾರ್ಕ್ಟಿಕದ ಮೇಲೆ ಉಷ್ಣವಲಯದ ಪೆಸಿಫಿಕ್ ಸಾಗರದ್ದೇ ದೊಡ್ಡ ಕೈ. ಇವುಗಳಲ್ಲಿ ಯಾವುದೂ ಗಡಿಯಾರದಂತೆ ನಿಯತವಾಗಿ ಮರುಕಳಿಸುವುದಿಲ್ಲ. ಅಟ್ಲಾಂಟಿಕ್‌ನ ಒಂದು ಸುತ್ತಿಗೆ 60ರಿಂದ 80 ವರ್ಷ ಎಂದು ಹೇಳುವುದು ವಾಡಿಕೆಯಾದರೂ ಉಪಕರಣಗಳಿಂದ ಅಳೆದ ದಾಖಲೆಗಳಲ್ಲಿ ಅಂಥ ಎರಡು ಸುತ್ತುಗಳು ಮಾತ್ರ ಸಿಗುತ್ತವೆ. ಎರಡೇ ಉದಾಹರಣೆಗಳಿಂದ ಅವಧಿಯನ್ನು ನಿಗದಿಪಡಿಸುವುದು ದುಡುಕು.

ಈ ಏರಿಳಿತಗಳಿಗೆ ಮೂಲ ನೀರಿನ ಉಷ್ಣಧಾರಣ ಶಕ್ತಿ. ಇಡೀ ವಾಯುಮಂಡಲ ಹಿಡಿದಿಟ್ಟುಕೊಳ್ಳುವಷ್ಟು ಶಾಖವನ್ನು ಸಾಗರದ ಮೇಲಿನ ಸುಮಾರು 3 ಮೀಟರ್ ನೀರೇ ಹಿಡಿದುಕೊಳ್ಳಬಲ್ಲದು. ಒಲೆ ಆರಿ ಎಷ್ಟೋ ಹೊತ್ತಾದ ಮೇಲೂ ಬಚ್ಚಲ ಹಂಡೆಯ ನೀರು ಬಿಸಿಯಾಗಿರುವಂತೆ, ಒಂದು ದಶಕದ ಗಾಳಿ ಬಿಸಿಲುಗಳ ಪರಿಣಾಮವನ್ನು ಸಾಗರ ಮುಂದಿನ ದಶಕಕ್ಕೆ ಸಾಗಿಸುತ್ತದೆ. ಧ್ರುವಗಳ ಅಂಚಿನಲ್ಲಿ ಈ ಶಾಖದ ಸಣ್ಣ ವ್ಯತ್ಯಾಸವೂ ಹಿಗ್ಗುತ್ತದೆ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಉಷ್ಣವಲಯದಲ್ಲಿ ಯಾರ ಗಮನಕ್ಕೂ ಬಾರದಿರಬಹುದು. ಮಂಜುಗಡ್ಡೆಯ ಅಂಚಿನಲ್ಲಿ ಅದೇ ಒಂದು ಡಿಗ್ರಿ ಕಡಲು ಹೆಪ್ಪುಗಟ್ಟುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸುತ್ತದೆ. ಹಿಮ ಮುಚ್ಚಿದ ಮಂಜುಗಡ್ಡೆ ಬಿಸಿಲಿನ ಶೇ. 80ರಷ್ಟನ್ನು ಹಿಂದಕ್ಕೆ ಚಿಮ್ಮಿಸಿದರೆ ತೆರೆದ ನೀರು ಶೇ. 90ಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. ಚಳಿಗಾಲದಲ್ಲಿ ಅದೇ ತೆರೆದ ನೀರು ಮೈನಸ್ 20 ಡಿಗ್ರಿಯ ಗಾಳಿಗೆ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಮಂಜುಗಡ್ಡೆಯ ಅಂಚು ನೂರು ಕಿ.ಮೀ. ಸರಿದರೆ ಹತ್ತಿರದ ದ್ವೀಪದ ಚಳಿಗಾಲದ ಸರಾಸರಿ ಹಲವು ಡಿಗ್ರಿ ಬದಲಾಗುವುದು ಇದರಿಂದಲೇ.

ಅರಿವಿನ ಇತಿಹಾಸ

ಧ್ರುವದ ಹವೆ ತನ್ನಷ್ಟಕ್ಕೆ ತಾನು ಬದಲಾಗುವುದಿಲ್ಲ, ದೂರದ ಪ್ರದೇಶಗಳೊಂದಿಗೆ ಅದರ ಏರಿಳಿತ ಹೆಣೆದುಕೊಂಡಿದೆ ಎಂಬುದನ್ನು ಮೊದಲು ಬರೆದಿಟ್ಟವರಲ್ಲಿ ಹಾನ್ಸ್ ಎಗೆಡೆ ಸಾಬ್ಯೆ ಒಬ್ಬ. 1770ರಿಂದ 1778ರವರೆಗೆ ಗ್ರೀನ್‌ಲೆಂಡಿನಲ್ಲಿದ್ದ ಈ ಡೇನಿಷ್ ಪಾದ್ರಿ, ಡೆನ್ಮಾರ್ಕಿನಲ್ಲಿ ಚಳಿ ಕಡುವಾದ ವರ್ಷ ಗ್ರೀನ್‌ಲೆಂಡಿನಲ್ಲಿ ಅದು ಸೌಮ್ಯವಾಗಿರುತ್ತದೆ, ಅಲ್ಲಿ ಸೌಮ್ಯವಾದಾಗ ಇಲ್ಲಿ ಕಡುವಾಗುತ್ತದೆ ಎಂದು ತನ್ನ ದಿನಚರಿಯಲ್ಲಿ ಗುರುತಿಸಿದ. ಈ ತೂಗಾಟಕ್ಕೆ ಉತ್ತರ ಅಟ್ಲಾಂಟಿಕ್ ಆಂದೋಲನ ಎಂಬ ಹೆಸರು ಬಂದದ್ದು ಒಂದೂವರೆ ಶತಮಾನದ ಬಳಿಕ, ಅದೂ ಭಾರತದ ಮುಂಗಾರಿನ ದೆಸೆಯಿಂದ. 1904ರಿಂದ 1924ರವರೆಗೆ ಭಾರತದ ಹವಾ ವೀಕ್ಷಣಾಲಯಗಳ ಮುಖ್ಯಸ್ಥನಾಗಿದ್ದ ಗಣಿತಜ್ಞ ಗಿಲ್ಬರ್ಟ್ ವಾಕರ್ ಮುಂಗಾರಿನ ಮುನ್ಸೂಚನೆಗಾಗಿ ಜಗತ್ತಿನ ನಾನಾ ಊರುಗಳ ಒತ್ತಡ, ಉಷ್ಣತೆ, ಮಳೆಯ ಅಂಕಿಅಂಶಗಳನ್ನು ಒಂದಕ್ಕೊಂದು ಹೋಲಿಸಿ ಲೆಕ್ಕ ಹಾಕಿಸಿದ. ಹುಡುಕಿದ್ದು ಮಳೆಯ ಸುಳಿವು. ಸಿಕ್ಕಿದ್ದು ಉತ್ತರ ಅಟ್ಲಾಂಟಿಕ್, ಉತ್ತರ ಪೆಸಿಫಿಕ್ ಮತ್ತು ದಕ್ಷಿಣ ಆಂದೋಲನ ಎಂಬ ಮೂರು ದೊಡ್ಡ ತೂಗಾಟಗಳು. ಧ್ರುವ ವಾಯುಗುಣದ ಯಾವ ಚರ್ಚೆಯೂ ಈ ಮೂರನ್ನು ಬಿಟ್ಟು ಇಂದಿಗೂ ನಡೆಯುವುದಿಲ್ಲ.

ವಾಕರ್ ಕಂಡದ್ದು ಗಾಳಿಯ ತೂಗಾಟ. ಅದರ ಅಡಿಯಲ್ಲಿರುವ ನೀರಿನ ಕಥೆ ಬೇರೆ ದಾರಿಯಿಂದ ಬಂತು. ನಾರ್ವೆಯ ಫ್ರಿತ್ಯೋಫ್ ನಾನ್ಸೆನ್ 1893ರಲ್ಲಿ ತನ್ನ ಫ್ರಾಮ್ ಹಡಗನ್ನು ಬೇಕೆಂದೇ ಸೈಬೀರಿಯದ ಉತ್ತರಕ್ಕೆ ಮಂಜುಗಡ್ಡೆಯಲ್ಲಿ ಸಿಕ್ಕಿಸಿಕೊಂಡ. ಹಡಗು ಮೂರು ವರ್ಷ ತೇಲಿ 1896ರಲ್ಲಿ ಅಟ್ಲಾಂಟಿಕ್ ಕಡೆಗೆ ಹೊರಬಂತು. ಆ ತೇಲಾಟದಲ್ಲಿ ಆಳಕ್ಕೆ ಉಷ್ಣಮಾಪಕ ಇಳಿಬಿಟ್ಟಾಗ, ಕೊರೆಯುವ ಮೇಲ್ನೀರಿನ ಕೆಳಗೆ ಸುಮಾರು 200 ಮೀಟರಿನಿಂದ ಆಚೆಗೆ ಶೂನ್ಯಕ್ಕಿಂತ ಬೆಚ್ಚಗಿನ, ಹೆಚ್ಚು ಉಪ್ಪಿನ ನೀರು ಸಿಕ್ಕಿತು. ಅದು ಅಟ್ಲಾಂಟಿಕ್‌ನಿಂದ ನುಸುಳಿ ಬಂದ ನೀರು. ಆರ್ಕ್ಟಿಕ್ ಸಾಗರದ ಮೇಲಿನ ಮಂಜುಗಡ್ಡೆಯನ್ನೆಲ್ಲ ಕರಗಿಸಲು ಸಾಕಾಗುವಷ್ಟು ಶಾಖ ಆ ಪದರದಲ್ಲಿದೆ. ಅದನ್ನು ಮೇಲಕ್ಕೆ ಬರಗೊಡದೆ ತಡೆದಿರುವುದು ಹಗುರವಾದ ಸಿಹಿಮಿಶ್ರಿತ ಮೇಲ್ನೀರಿನ ತೆಳು ಪದರ. ಆರ್ಕ್ಟಿಕ್‌ನ ಮೇಲೆ ಸಾಗರದ ದೀರ್ಘಾವಧಿ ಪ್ರಭಾವವನ್ನು ಅರಿಯಬೇಕಾದರೆ ಈ ಬೆಚ್ಚಗಿನ ಪದರ ಎಷ್ಟು ಬರುತ್ತಿದೆ, ಎಷ್ಟು ಬೆಚ್ಚಗಿದೆ, ಮೇಲಿನ ಮುಚ್ಚಳ ಎಷ್ಟು ಗಟ್ಟಿಯಾಗಿದೆ ಎಂಬ ಮೂರು ಪ್ರಶ್ನೆಗಳನ್ನು ಬಿಡುವಂತಿಲ್ಲ.

ಉತ್ತರ ಅಟ್ಲಾಂಟಿಕ್ ಮತ್ತು 1920ರ ದಶಕದ ಬಿಸಿ

ಅಟ್ಲಾಂಟಿಕ್ ಸಾಗರದಲ್ಲಿ ಬೆಚ್ಚಗಿನ ಉಪ್ಪುನೀರು ಮೇಲ್ಪದರದಲ್ಲಿ ಉತ್ತರಕ್ಕೆ ಹರಿಯುತ್ತದೆ. ಗ್ರೀನ್‌ಲೆಂಡ್, ಐಸ್‌ಲೆಂಡ್, ಲ್ಯಾಬ್ರಡಾರ್‌ಗಳ ಸುತ್ತ ತಣಿದು, ಭಾರವಾಗಿ ಮುಳುಗಿ ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಈ ಮಗುಚುವ ಪರಿಚಲನೆಯನ್ನು 2004ರಿಂದ 26.5 ಡಿಗ್ರಿ ಉತ್ತರ ಅಕ್ಷಾಂಶದ ಉದ್ದಕ್ಕೂ ತಂತಿಗಳಿಗೆ ಕಟ್ಟಿಳಿಸಿದ ಉಪಕರಣಗಳಿಂದ ಅಳೆಯಲಾಗುತ್ತಿದೆ. ಸರಾಸರಿ ಹರಿವು ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್. 2009–10ರಲ್ಲಿ ಅದು ಶೇ. 30ರಷ್ಟು ಕುಸಿದು ಮತ್ತೆ ಚೇತರಿಸಿಕೊಂಡದ್ದು ಈ ಹರಿವು ಎಷ್ಟು ಚಂಚಲವೆಂಬುದನ್ನು ತೋರಿಸಿತು. ಉತ್ತರ ಅಟ್ಲಾಂಟಿಕ್‌ನ ಮೇಲ್ಮೈ ಉಷ್ಣತೆ ಸುಮಾರು 1930ರಿಂದ 1960ರ ದಶಕದ ಆರಂಭದವರೆಗೆ ಬೆಚ್ಚಗೆ, ಅಲ್ಲಿಂದ 1990ರ ದಶಕದ ನಡುವಿನವರೆಗೆ ತಂಪಗೆ, ಆಮೇಲೆ ಮತ್ತೆ ಬೆಚ್ಚಗೆ ಇದ್ದದ್ದು ದಾಖಲೆಯಲ್ಲಿದೆ. 2000ದ ಹೊತ್ತಿಗೆ ಇದಕ್ಕೆ ಬಹುದಶಕ ಆಂದೋಲನ ಎಂಬ ಹೆಸರು ನಿಂತಿತು. ಇಡೀ ಸಾಗರದ ಸರಾಸರಿ ಲೆಕ್ಕದಲ್ಲಿ ಏರಿಳಿತ ಅರ್ಧ ಡಿಗ್ರಿಗಿಂತ ಕಡಿಮೆ. ಇಷ್ಟು ಸಣ್ಣ ಬದಲಾವಣೆ ಧ್ರುವದ ಅಂಚಿನ ಜನಜೀವನವನ್ನು ಎಷ್ಟು ಮಾರ್ಪಡಿಸಬಲ್ಲದೆಂಬುದಕ್ಕೆ 1920–40ರ ಅವಧಿಯೇ ಅತ್ಯುತ್ತಮ ನಿದರ್ಶನ.

ನಾರ್ವೆಯ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ 1910ರ ದಶಕ ಕಡು ಚಳಿಯದು. 1920ರ ದಶಕದಲ್ಲಿ ಚಳಿಗಾಲಗಳು ಥಟ್ಟನೆ ಸೌಮ್ಯವಾದವು. ಅಲ್ಲಿನ ಗಣಿಗಳಿಂದ ಕಲ್ಲಿದ್ದಲು ಸಾಗಿಸಲು ಶತಮಾನದ ಆರಂಭದಲ್ಲಿ ವರ್ಷಕ್ಕೆ ಸುಮಾರು 3 ತಿಂಗಳು ಮಾತ್ರ ಹಡಗಿಗೆ ದಾರಿ ತೆರೆದಿರುತ್ತಿತ್ತು. 1930ರ ದಶಕದ ಕೊನೆಗೆ ಅದು ಸುಮಾರು 7 ತಿಂಗಳಾಯಿತು. ಸ್ವೀಡನ್ನಿನ ಹಿಮನದಿ ತಜ್ಞ ಹಾನ್ಸ್ ಆಲ್ಮನ್ ಹಿಮನದಿಗಳು ಹಿಂಜರಿಯುತ್ತಿರುವುದನ್ನು ಅಳೆದು, ಧ್ರುವ ಪ್ರದೇಶ ಬಿಸಿಯಾಗುತ್ತಿದೆ ಎಂದು ಸಾರಿದ. ಸೋವಿಯತ್ ಹಡಗು ಸಿಬಿರ್ಯಾಕೋವ್ 1932ರಲ್ಲಿ ಯುರೇಷ್ಯದ ಉತ್ತರದ ಕಡಲಹಾದಿಯನ್ನು ಮೊದಲ ಬಾರಿಗೆ ಒಂದೇ ಋತುವಿನಲ್ಲಿ ದಾಟಿತು. ಕೊನೆಯ ಹಂತದಲ್ಲಿ ಅದರ ಪ್ರೊಪೆಲರ್ ಮುರಿದು, ನಾವಿಕರು ಟಾರ್ಪಾಲನ್ನೇ ಹಾಯಿಯಾಗಿ ಕಟ್ಟಿ ಬೇರಿಂಗ್ ಜಲಸಂಧಿ ತಲುಪಿದರು. ಆದರೆ ಎಲ್ಲೆಡೆ ಮಂಜುಗಡ್ಡೆ ಸಡಿಲಗೊಂಡಿತ್ತು ಎಂದುಕೊಂಡರೆ ತಪ್ಪಾದೀತು. ಎರಡೇ ವರ್ಷದಲ್ಲಿ, 1934ರ ಫೆಬ್ರವರಿಯಲ್ಲಿ, ಚೆಲ್ಯೂಸ್ಕಿನ್ ಎಂಬ ಹಡಗು ಪೆಸಿಫಿಕ್ ಕಡೆಯ ಚುಕ್ಚಿ ಸಮುದ್ರದಲ್ಲಿ ಮಂಜುಗಡ್ಡೆಯ ನಡುವೆ ನುಜ್ಜುಗುಜ್ಜಾಗಿ ಮುಳುಗಿತು.

ಬೆಚ್ಚಗಿನ ನೀರಿನೊಡನೆ ಮೀನೂ ಬಂತು. ಕಾಡ್ ಮೀನು ಪಶ್ಚಿಮ ಗ್ರೀನ್‌ಲೆಂಡಿನ ಕರಾವಳಿಗುಂಟ ಸಾವಿರ ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ ಹರಡಿತು. ಸೀಲ್ ಬೇಟೆಯನ್ನೇ ನೆಚ್ಚಿದ್ದ ಇನ್ಯೂಟ್ ಹಳ್ಳಿಗಳು ಎರಡು ದಶಕಗಳಲ್ಲಿ ಮೀನುಗಾರರ ಹಳ್ಳಿಗಳಾದವು. ದೋಣಿ, ಉಪ್ಪು ಹಾಕುವ ಮನೆ, ಸಂಬಳದ ಲೆಕ್ಕ ಎಲ್ಲ ಬಂದವು. 1960ರ ದಶಕದ ಆರಂಭದಲ್ಲಿ ವಿದೇಶಿ ಹಡಗುಗಳೂ ಸೇರಿ ವರ್ಷಕ್ಕೆ 4 ಲಕ್ಷ ಟನ್‌ಗೂ ಹೆಚ್ಚು ಕಾಡ್ ಹಿಡಿದವು. ಆ ದಶಕದ ಕೊನೆಗೆ ನೀರು ತಣ್ಣಗಾಯಿತು, ಮೀನು ಕುಸಿಯಿತು. ಕುಸಿತಕ್ಕೆ ಮಿತಿಮೀರಿದ ಬಲೆಯೂ ಕಾರಣ. ಸಾಗರವನ್ನೊಂದೇ ದೂರುವುದು ನ್ಯಾಯವಲ್ಲ. ಕಾಡ್ ಹೋದಲ್ಲಿ ಸಿಗಡಿ ಬಂತು, ಗ್ರೀನ್‌ಲೆಂಡಿನ ರಫ್ತಿನ ಆದಾಯ ಈಗ ಬಹುಪಾಲು ಸಿಗಡಿ ಮತ್ತು ಹಾಲಿಬಟ್ ಮೀನಿನ ಮೇಲೆ ನಿಂತಿದೆ.

ಆ ಬಿಸಿಗೆ ಕಾರಣವೇನೆಂಬುದು ದೀರ್ಘಕಾಲ ಕಗ್ಗಂಟಾಗಿತ್ತು. ಆಗ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್‌ನಿಂದಷ್ಟೇ ಅಷ್ಟು ದೊಡ್ಡ ಏರಿಕೆ ಸಾಧ್ಯವಿರಲಿಲ್ಲ. ಈಗ ಹೆಚ್ಚು ಒಪ್ಪಿತವಾದ ವಿವರಣೆಯಂತೆ ಪಶ್ಚಿಮದ ಗಾಳಿ ಬಲಗೊಂಡು ಬ್ಯಾರೆಂಟ್ಸ್ ಸಮುದ್ರಕ್ಕೆ ಹೆಚ್ಚು ಅಟ್ಲಾಂಟಿಕ್ ನೀರನ್ನು ನೂಕಿತು; ಮಂಜುಗಡ್ಡೆ ಸರಿದು ತೆರೆದ ನೀರು ಗಾಳಿಯನ್ನು ಕಾಯಿಸಿತು; ಕಾದ ಗಾಳಿಯಿಂದ ಅಲ್ಲಿ ಒತ್ತಡ ತಗ್ಗಿ ಅದೇ ಪಶ್ಚಿಮದ ಗಾಳಿ ಇನ್ನಷ್ಟು ಬಲಗೊಂಡಿತು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಎರಡೂ ಆಗ ಒಟ್ಟಿಗೆ ಬೆಚ್ಚಗಿನ ಹಂತಕ್ಕೆ ತಿರುಗಿದ್ದರಿಂದ ಪರಿಣಾಮ ಇಮ್ಮಡಿಸಿತೆಂದು ನಂತರದ ಅಧ್ಯಯನಗಳು ತೋರಿಸಿವೆ.

ಐಸ್‌ಲೆಂಡಿನ ಮಂಜುಗಡ್ಡೆಯ ವರ್ಷಗಳು

ಬೆಚ್ಚಗಿನ ಹಂತ ಮುಗಿದು ತಂಪಿನ ಹಂತ ಬಂದದ್ದನ್ನು ಮೊದಲು ಅನುಭವಿಸಿದ್ದು ಐಸ್‌ಲೆಂಡ್. ದಶಕಗಳಿಂದ ಅಪರೂಪವಾಗಿದ್ದ ತೇಲುವ ಮಂಜುಗಡ್ಡೆ 1965ರಿಂದ 1971ರವರೆಗೆ ಉತ್ತರ ಮತ್ತು ಪೂರ್ವದ ಕರಾವಳಿಗೆ ಪದೇಪದೇ ಬಂದು ಬಂದರುಗಳನ್ನು ಮುಚ್ಚಿತು. 1968ರ ವಸಂತದಲ್ಲಿ ಪರಿಸ್ಥಿತಿ ತೀರ ಕೆಟ್ಟಿತು. ಅದೇ ಹೊತ್ತಿಗೆ ಹೆರಿಂಗ್ ಮೀನು ಮಾಯವಾಯಿತು. ಸಿಗ್ಲುಫ್ಯೋರ್ದುರ್‌ನಂಥ ಊರುಗಳು ಹೆರಿಂಗನ್ನು ಉಪ್ಪಿಗೆ ಹಾಕಿ ಸಿರಿವಂತವಾಗಿದ್ದವು, ಅವು ಕೆಲವೇ ವರ್ಷಗಳಲ್ಲಿ ಬರಿದಾದವು. ಇಲ್ಲಿಯೂ ಚಳಿ ಮತ್ತು ಅತಿಬೇಟೆ ಕೈಜೋಡಿಸಿದವು.

ಇದರ ಹಿಂದಿದ್ದ ಘಟನೆಗೆ ಸಾಗರ ವಿಜ್ಞಾನಿಗಳು ಮಹಾ ಲವಣತಾ ವೈಪರೀತ್ಯ ಎಂದು ಹೆಸರಿಟ್ಟರು. 1960ರ ದಶಕದ ಕೊನೆಯಲ್ಲಿ ಗ್ರೀನ್‌ಲೆಂಡ್ ಮತ್ತು ಸ್ವಾಲ್‌ಬಾರ್ಡ್ ನಡುವಿನ ಫ್ರಾಮ್ ಜಲಸಂಧಿಯಿಂದ ಅಪಾರ ಮಂಜುಗಡ್ಡೆಯೂ ಸಿಹಿಮಿಶ್ರಿತ ನೀರೂ ದಕ್ಷಿಣಕ್ಕೆ ಹರಿಯಿತು. ಈ ಹೆಚ್ಚುವರಿ ಸಿಹಿನೀರು ಸುಮಾರು 2,000 ಘನ ಕಿ.ಮೀ. ಎಂದು ಅಂದಾಜು. ವಿಸ್ಮಯವೆಂದರೆ ಆ ನೀರಿನ ರಾಶಿ ಚದರಿಹೋಗದೆ ಊರೂರು ಸುತ್ತುವ ಜಾತ್ರೆಯ ಮೆರವಣಿಗೆಗೆ ಹೊರಟಂತೆ ಒಂದು ಪೂರ್ಣ ಪ್ರದಕ್ಷಿಣೆ ಹಾಕಿತು: 1970ರ ದಶಕದ ಆರಂಭದಲ್ಲಿ ಲ್ಯಾಬ್ರಡಾರ್, 1976ರ ಸುಮಾರಿಗೆ ಸ್ಕಾಟ್ಲೆಂಡಿನ ಉತ್ತರ, 1970ರ ದಶಕದ ಕೊನೆಗೆ ಬ್ಯಾರೆಂಟ್ಸ್ ಸಮುದ್ರ, 1982ರ ಹೊತ್ತಿಗೆ ಮರಳಿ ಗ್ರೀನ್‌ಲೆಂಡಿನ ಪೂರ್ವ. ಹೋದಲ್ಲೆಲ್ಲ ಮೇಲ್ನೀರನ್ನು ಹಗುರಾಗಿಸಿ ಆಳಕ್ಕೆ ಮುಳುಗುವುದನ್ನು ತಡೆಯಿತು. ಲ್ಯಾಬ್ರಡಾರ್ ಸಮುದ್ರದಲ್ಲಿ 1968ರಿಂದ 1971ರವರೆಗೆ ಆಳದ ಮಗುಚುವಿಕೆ ನಿಂತೇಹೋಗಿತ್ತು. ಸಾಗರಕ್ಕೆ ನೆನಪಿದೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿಲ್ಲ. ಧ್ರುವದ ಗಾಳಿ ಹೊರದೂಡಿದ ನೀರು ಹದಿನಾಲ್ಕು ವರ್ಷಗಳ ಕಾಲ ಅಟ್ಲಾಂಟಿಕ್‌ನ ಉತ್ತರ ಭಾಗದ ಹವೆಯನ್ನು ಬಾಧಿಸಿತು. ಇಂಥದೇ ಸಿಹಿನೀರಿನ ದೊಡ್ಡ ರಾಶಿ ಈಗ ಕೆನಡಾದ ಉತ್ತರದ ಬೋಫರ್ಟ್ ಸುಳಿಯಲ್ಲಿ ಕೂಡಿಕೊಂಡಿದೆ. ಅಲ್ಲಿನ ಗಾಳಿ ಹಿಂದೆ ಐದರಿಂದ ಏಳು ವರ್ಷಗಳಿಗೊಮ್ಮೆ ದಿಕ್ಕು ಬದಲಿಸಿ ನೀರನ್ನು ಹೊರಬಿಡುತ್ತಿತ್ತು. 1997ರಿಂದ ಎರಡು ದಶಕ ಹಾಗಾಗಲಿಲ್ಲ, 2018ರ ಹೊತ್ತಿಗೆ ಸಿಹಿನೀರಿನ ಸಂಗ್ರಹ 1970ರ ದಶಕದ ಮಟ್ಟಕ್ಕಿಂತ ಸುಮಾರು ಶೇ. 40 ಹೆಚ್ಚಿತ್ತು.

ಬ್ಯಾರೆಂಟ್ಸ್ ಸಮುದ್ರ ಮತ್ತು ಕಾಂಗ್ಸ್‌ಫ್ಯೋರ್ಡ್

ಅಟ್ಲಾಂಟಿಕ್ ನೀರು ಆರ್ಕ್ಟಿಕ್ ಸೇರುವ ಎರಡು ಹೆಬ್ಬಾಗಿಲುಗಳಲ್ಲಿ ಬ್ಯಾರೆಂಟ್ಸ್ ಸಮುದ್ರ ಒಂದು, ಫ್ರಾಮ್ ಜಲಸಂಧಿ ಇನ್ನೊಂದು. ಬ್ಯಾರೆಂಟ್ಸ್ ಕಡೆ ಸೆಕೆಂಡಿಗೆ ಸುಮಾರು 20 ಲಕ್ಷ ಘನ ಮೀಟರ್ ಒಳಬರುತ್ತದೆ. ರಷ್ಯನ್ನರು ಕೋಲಾ ಪರ್ಯಾಯದ್ವೀಪದಿಂದ ಉತ್ತರಕ್ಕೆ ಒಂದೇ ರೇಖೆಯುದ್ದಕ್ಕೂ 1900ರಿಂದ ನೀರಿನ ಉಷ್ಣತೆ ಅಳೆಯುತ್ತ ಬಂದಿದ್ದಾರೆ; ಯುದ್ಧಗಳ ಕಾಲದಲ್ಲಿ ಅಲ್ಲಲ್ಲಿ ಕಡಿದುಹೋದರೂ ಧ್ರುವ ಸಾಗರಗಳಲ್ಲಿ ಇಷ್ಟು ಉದ್ದದ ದಾಖಲೆ ಅಪರೂಪ. ಅದರಲ್ಲಿ 1930ರ ದಶಕದ ಬಿಸಿ, 1960–70ರ ದಶಕಗಳ ತಂಪು, 1990ರ ದಶಕದಿಂದೀಚಿನ ಏರಿಕೆ ಮೂರೂ ಕಾಣುತ್ತವೆ. ಆದರೆ ಈಚಿನ ಏರಿಕೆ 1930ರ ದಶಕದ ಮಟ್ಟವನ್ನು ದಾಟಿ ಹೋಗಿದೆ. ಚಳಿಗಾಲದಲ್ಲಿ ಆರ್ಕ್ಟಿಕ್ ಕಳೆದುಕೊಂಡ ಮಂಜುಗಡ್ಡೆಯ ದೊಡ್ಡ ಪಾಲು ಈ ಒಂದು ಸಮುದ್ರದ್ದೇ. ಇನ್ನೂ ಪೂರ್ವಕ್ಕೆ, ಯುರೇಷ್ಯನ್ ಕುಳಿಯಲ್ಲಿ, ನಾನ್ಸೆನ್ ಕಂಡ ಮುಚ್ಚಳದ ಪದರ ತೆಳುವಾಗಿ ಬೆಚ್ಚಗಿನ ನೀರು ಮೇಲಕ್ಕೇರುತ್ತಿರುವುದು 2010ರ ದಶಕದ ಅಳತೆಗಳಲ್ಲಿ ಕಂಡಿತು.

ಸ್ವಾಲ್‌ಬಾರ್ಡಿನ ಪಶ್ಚಿಮ ತೀರದ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲಚಾಚು ಇದೇ ಬದಲಾವಣೆಯನ್ನು ಸಣ್ಣ ಪ್ರಮಾಣದಲ್ಲಿ ತೋರಿಸುತ್ತದೆ. 2005–06ರ ಚಳಿಗಾಲದಲ್ಲಿ ಗಾಳಿಯ ದಿಕ್ಕು ಬದಲಾಗಿ ಹೊರಗಿನ ಅಟ್ಲಾಂಟಿಕ್ ನೀರು ಒಳನುಗ್ಗಿತು. ಪ್ರತಿ ವರ್ಷ ಹೆಪ್ಪುಗಟ್ಟುತ್ತಿದ್ದ ಜಾಗದಲ್ಲಿ ಅಂದಿನಿಂದ ಗಟ್ಟಿ ಮಂಜುಗಡ್ಡೆ ಅಪರೂಪವಾಯಿತು. ಇದರ ದಡದ ನ್ಯೂ ಆಲೆಸುಂಡ್‌ನಲ್ಲಿ 2008ರಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ತೆರೆಯಿತು. 2014ರ ಜುಲೈನಲ್ಲಿ ಭಾರತೀಯ ವಿಜ್ಞಾನಿಗಳು ಇಂಡಾರ್ಕ್ ಎಂಬ ಉಪಕರಣಮಾಲೆಯನ್ನು 192 ಮೀಟರ್ ಆಳದಲ್ಲಿ ನೆಟ್ಟರು. ಅದು ನೀರಿನ ಉಷ್ಣತೆ, ಲವಣತೆ, ಹರಿವುಗಳನ್ನು ವರ್ಷವಿಡೀ ದಾಖಲಿಸುತ್ತದೆ. ಭಾರತಕ್ಕೆ ಅಷ್ಟು ದೂರದ ನೀರಿನ ಗೊಡವೆ ಏಕೆಂದು ಕೇಳುವವರಿಗೆ ವಾಕರ್‌ನ ಲೆಕ್ಕಗಳಲ್ಲೇ ಉತ್ತರವಿದೆ. ಉತ್ತರ ಅಟ್ಲಾಂಟಿಕ್ ಬೆಚ್ಚಗಿರುವ ದಶಕಗಳಲ್ಲಿ ಮುಂಗಾರು ಒಟ್ಟಾರೆ ಬಲವಾಗಿರುವ ಒಲವು ಕಾಣುತ್ತದೆ ಎಂಬುದನ್ನು ಭಾರತೀಯ ವಿಜ್ಞಾನಿಗಳೇ 2006ರಲ್ಲಿ ವಿವರಿಸಿದರು.

ಯಾಕೊಬ್ಸ್‌ಹಾವ್ನ್ ಹಿಮನದಿಯ ಪಾಠ

ಸಾಗರದ ಏರಿಳಿತ ಒಂದು ಹಿಮನದಿಯನ್ನು ಹೇಗೆ ಆಡಿಸುತ್ತದೆಂಬುದನ್ನು ಕಾಣಲು ಪಶ್ಚಿಮ ಗ್ರೀನ್‌ಲೆಂಡಿನ ಯಾಕೊಬ್ಸ್‌ಹಾವ್ನ್ ಹಿಮನದಿಗಿಂತ ಒಳ್ಳೆಯ ಜಾಗವಿಲ್ಲ. ಇಲುಲಿಸಾಟ್ ಊರಿನ ಬಳಿ ಕಡಲು ಸೇರುವ ಇದು ಗ್ರೀನ್‌ಲೆಂಡಿನ ಅತಿ ವೇಗದ ಹಿಮನದಿಗಳಲ್ಲೊಂದು. 1997ರಲ್ಲಿ ಐಸ್‌ಲೆಂಡಿನ ದಕ್ಷಿಣದಿಂದ ಹೊರಟ ಬೆಚ್ಚಗಿನ ನೀರು ಗ್ರೀನ್‌ಲೆಂಡಿನ ತುದಿ ಸುತ್ತಿ ಡಿಸ್ಕೋ ಕೊಲ್ಲಿಯ ಆಳಕ್ಕೆ ಬಂತು. ಸಿಗಡಿ ದಾಸ್ತಾನಿನ ಸಮೀಕ್ಷೆಗೆ ಬಲೆಯೊಡನೆ ಇಳಿಬಿಟ್ಟಿದ್ದ ಉಷ್ಣಮಾಪಕಗಳು ಆ ಆಗಮನವನ್ನು ಅಕಸ್ಮಾತ್ತಾಗಿ ದಾಖಲಿಸಿದ್ದವು. ಹಿಮನದಿಯ ಮುಂದೆ ತೇಲುತ್ತಿದ್ದ ಸುಮಾರು 15 ಕಿ.ಮೀ. ಉದ್ದದ ನಾಲಿಗೆ ಅಡಿಯಿಂದ ಕರಗಿ, 2003ರ ಹೊತ್ತಿಗೆ ಒಡೆದು ಚೂರಾಯಿತು. ತಡೆಯಿಲ್ಲದ ಹಿಮನದಿಯ ವೇಗ ಎರಡು ಪಟ್ಟಾಗಿ ವರ್ಷಕ್ಕೆ 12 ಕಿ.ಮೀ. ಮುಟ್ಟಿತು.

ಕಥೆ ಅಲ್ಲಿಗೇ ನಿಂತಿದ್ದರೆ ಸರಳವಿತ್ತು. 2016ರಲ್ಲಿ ಕೊಲ್ಲಿಯ ಆಳದ ನೀರು 1980ರ ದಶಕದ ನಡುವಿನಿಂದೀಚೆಗೆ ಕಂಡರಿಯದಷ್ಟು ತಣ್ಣಗಾಯಿತು; ಉತ್ತರ ಅಟ್ಲಾಂಟಿಕ್ ಆಂದೋಲನದ ಹಂತ ಬದಲಾದದ್ದು ಕಾರಣ. ಹಿಮನದಿ ನಿಧಾನಿಸಿತು, ಮುಂದಕ್ಕೆ ಬಂತು, ಅದರ ಮುಂಭಾಗ ವರ್ಷಕ್ಕೆ ಸುಮಾರು 30 ಮೀಟರ್ ದಪ್ಪವಾಯಿತು. ಹಿಮನದಿಗಳು ಚೇತರಿಸಿಕೊಳ್ಳುತ್ತಿವೆ ಎಂದು ಕೆಲವು ಪತ್ರಿಕೆಗಳು ಇದನ್ನೇ ದೊಡ್ಡದಾಗಿ ಬರೆದವು. ಗ್ರೀನ್‌ಲೆಂಡ್ ಒಟ್ಟಾರೆ ಹಿಮ ಕಳೆದುಕೊಳ್ಳುತ್ತಲೇ ಇತ್ತು. ತಂಪು ನೀರು ಬಂದು ಒಂದು ಹಿಮನದಿಯನ್ನು ನಿಲ್ಲಿಸಿತೆಂದರೆ ಬಿಸಿ ನೀರು ಅದನ್ನು ಅಷ್ಟೇ ಸುಲಭವಾಗಿ ಓಡಿಸಬಲ್ಲದು ಎಂದೇ ಅರ್ಥ. ಈ ಘಟನೆಯಲ್ಲಿ ಸಮಾಧಾನಕ್ಕಿಂತ ಆತಂಕಕ್ಕೆ ಕಾರಣ ಹೆಚ್ಚು.

ಪೆಸಿಫಿಕ್ ಮತ್ತು ಅಲಾಸ್ಕ

ಪೆಸಿಫಿಕ್ ದಶಕ ಆಂದೋಲನ ಮೀನಿನ ಲೆಕ್ಕದಿಂದ ಬೆಳಕಿಗೆ ಬಂದದ್ದು. ಅಲಾಸ್ಕದಲ್ಲಿ ಸಾಲ್ಮನ್ ಸಮೃದ್ಧವಾದ ದಶಕಗಳಲ್ಲಿ ದಕ್ಷಿಣದ ವಾಷಿಂಗ್ಟನ್, ಆರೆಗಾನ್‌ಗಳಲ್ಲಿ ಅದು ಕಡಿಮೆಯಾಗುವುದನ್ನು ಗಮನಿಸಿದ ಸ್ಟೀವನ್ ಹೇರ್ 1996ರಲ್ಲಿ ಇದಕ್ಕೆ ಹೆಸರಿಟ್ಟ. 1925, 1947 ಮತ್ತು 1977ರ ಸುಮಾರಿಗೆ ಹಂತಗಳು ಮಗ್ಗುಲು ಬದಲಿಸಿವೆ. ಬೆಚ್ಚಗಿನ ಹಂತದಲ್ಲಿ ಅಲ್ಯೂಷಿಯನ್ ದ್ವೀಪಗಳ ಬಳಿಯ ಕಡಿಮೆ ಒತ್ತಡದ ಪ್ರದೇಶ ಇನ್ನಷ್ಟು ಆಳವಾಗಿ, ದಕ್ಷಿಣದ ಬೆಚ್ಚಗಿನ ಗಾಳಿಯನ್ನು ಅಲಾಸ್ಕಕ್ಕೆ ಎಳೆದು ತರುತ್ತದೆ. 1976–77ರ ಬದಲಾವಣೆ ಎಷ್ಟು ತೀಕ್ಷ್ಣವಾಗಿತ್ತೆಂದರೆ ಅಲಾಸ್ಕದ ಉಷ್ಣತೆಯ ನಕ್ಷೆ ಇಳಿಜಾರಿನಂತಿರದೆ ಮೆಟ್ಟಿಲಿನಂತಿದೆ. ಅದರ ಹಿಂದಿನ 25 ವರ್ಷಗಳಿಗೆ ಹೋಲಿಸಿದರೆ ಮುಂದಿನ 25 ವರ್ಷಗಳ ಚಳಿಗಾಲ ಕೆಲವು ಕಡೆ 3 ಡಿಗ್ರಿವರೆಗೆ ಬೆಚ್ಚಗಿತ್ತು. 1950ರಿಂದ 2000ದವರೆಗೆ ಒಂದು ನೇರ ಗೆರೆ ಎಳೆದು ಅಲಾಸ್ಕ ದಶಕಕ್ಕೆ ಇಷ್ಟಿಷ್ಟು ಬಿಸಿಯಾಯಿತೆಂದು ಹೇಳುವ ಲೆಕ್ಕಗಳು ಈ ಮೆಟ್ಟಿಲನ್ನು ಮರೆಮಾಚುತ್ತವೆ. 2000ದ ದಶಕದಲ್ಲಿ ರಾಜ್ಯದ ಬಹುಭಾಗ ಮತ್ತೆ ತಂಪಾಯಿತು, 2014ರಿಂದ ಪುನಃ ಬಿಸಿಯೇರಿತು.

ದಕ್ಷಿಣ ಧ್ರುವ

ಅಂಟಾರ್ಕ್ಟಿಕದ ಭೂಗೋಳ ಆರ್ಕ್ಟಿಕ್‌ಗೆ ತದ್ವಿರುದ್ಧ. ಉತ್ತರದಲ್ಲಿ ನೆಲ ಸುತ್ತುವರಿದ ಸಾಗರ, ಇಲ್ಲಿ ಸಾಗರ ಸುತ್ತುವರಿದ ಖಂಡ. ಸೆಕೆಂಡಿಗೆ 13ರಿಂದ 17 ಕೋಟಿ ಘನ ಮೀಟರ್ ನೀರನ್ನು ಹೊತ್ತು ಖಂಡದ ಸುತ್ತ ತಿರುಗುವ ಪರಿಧ್ರುವ ಪ್ರವಾಹ ಉಷ್ಣವಲಯದ ಮೇಲ್ನೀರು ದಕ್ಷಿಣಕ್ಕೆ ಸುಲಭವಾಗಿ ದಾಟದಂತೆ ಕಾಯುತ್ತದೆ. ಆದ್ದರಿಂದ ಇಲ್ಲಿ ಸಾಗರದ ಏರಿಳಿತ ಬಹುತೇಕ ಗಾಳಿಯ ಮೂಲಕ ತಲುಪುತ್ತದೆ. ಪೆಸಿಫಿಕ್‌ನ ಸಮಭಾಜಕ ಪ್ರದೇಶ ಕಾದಾಗ ಎದ್ದ ಮೋಡಗಳು ವಾಯುಮಂಡಲದಲ್ಲಿ ದೊಡ್ಡ ಅಲೆಗಳನ್ನು ಎಬ್ಬಿಸುತ್ತವೆ. ಅವು ಬಿಲ್ಲಿನಂತೆ ಬಾಗಿ ದಕ್ಷಿಣಕ್ಕೆ ಸಾಗಿ ಅಮುಂಡ್‌ಸೆನ್ ಸಮುದ್ರದ ಮೇಲಿನ ಕಡಿಮೆ ಒತ್ತಡದ ಪ್ರದೇಶವನ್ನು ಬಲಪಡಿಸುತ್ತವೆ ಅಥವಾ ಸಡಿಲಿಸುತ್ತವೆ. ಉತ್ತರ ಅಟ್ಲಾಂಟಿಕ್ ಬೆಚ್ಚಗಾದದ್ದರ ಪರಿಣಾಮ ಕೂಡ ಇದೇ ದಾರಿಯಲ್ಲಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪ ಮುಟ್ಟುತ್ತದೆಂದು 2014ರ ಒಂದು ಅಧ್ಯಯನ ತೋರಿಸಿದೆ.

ಪರ್ಯಾಯದ್ವೀಪದ ಚರಿತ್ರೆ ಎಚ್ಚರದಿಂದ ಓದಬೇಕಾದದ್ದು. ಅಲ್ಲಿನ ಫ್ಯಾರಡೇ ಕೇಂದ್ರದಲ್ಲಿ, ಅಂದರೆ ಇಂದಿನ ಉಕ್ರೇನಿನ ವೆರ್ನಾಡ್ಸ್ಕಿ ಕೇಂದ್ರದಲ್ಲಿ, 1950ರ ದಶಕದಿಂದ ಅರ್ಧ ಶತಮಾನದಲ್ಲಿ ಸರಾಸರಿ ಉಷ್ಣತೆ ಸುಮಾರು 3 ಡಿಗ್ರಿ ಏರಿತು. 2002ರಲ್ಲಿ ಲಾರ್ಸೆನ್ ಬಿ ಎಂಬ 3,250 ಚ.ಕಿ.ಮೀ.ಗಳ ಹಿಮಹಾಸು ಕೆಲವೇ ವಾರಗಳಲ್ಲಿ ಒಡೆಯಿತು. ಅಷ್ಟರಲ್ಲಾಗಲೇ ಪ್ರವೃತ್ತಿ ತಿರುಗಿತ್ತು: 1990ರ ದಶಕದ ಕೊನೆಯಿಂದ 2014ರ ಸುಮಾರಿನವರೆಗೆ ಪರ್ಯಾಯದ್ವೀಪ ತುಸು ತಂಪಾಯಿತು. ಪೆಸಿಫಿಕ್ ದಶಕ ಆಂದೋಲನದ ಸಾಗರವ್ಯಾಪಿ ರೂಪವಾದ ಅಂತರದಶಕ ಆಂದೋಲನ ಆ ಹೊತ್ತಿಗೆ ತಂಪಿನ ಹಂತಕ್ಕೆ ಹೊರಳಿದ್ದು ಇದಕ್ಕೆ ಒಂದು ಕಾರಣ. ಅದೇ ಆಂದೋಲನ ಖಂಡದ ಒಳನಾಡಿನಲ್ಲಿ ವಿರುದ್ಧ ಪರಿಣಾಮ ಮಾಡಿತು. 1957ರಿಂದ ದಾಖಲೆಯಿರುವ ದಕ್ಷಿಣ ಧ್ರುವಬಿಂದುವಿನಲ್ಲಿ ಮೊದಲ ದಶಕಗಳು ತಂಪಿನವು. 1989ರಿಂದ 2018ರವರೆಗೆ ಮಾತ್ರ ದಶಕಕ್ಕೆ 0.6 ಡಿಗ್ರಿಯಂತೆ, ಜಾಗತಿಕ ಸರಾಸರಿಯ ಸುಮಾರು ಮೂರು ಪಟ್ಟು ವೇಗದಲ್ಲಿ, ಉಷ್ಣತೆ ಏರಿತು.

ಕಡಲ ಮಂಜುಗಡ್ಡೆಯ ವಿಷಯದಲ್ಲಿ ದಕ್ಷಿಣ ಧ್ರುವ ಎಲ್ಲರನ್ನೂ ತಬ್ಬಿಬ್ಬುಗೊಳಿಸಿದೆ. ಉತ್ತರದಲ್ಲಿ ಅದು ಕುಗ್ಗುತ್ತಿದ್ದಾಗ ಇಲ್ಲಿ ಹಿಗ್ಗುತ್ತಾ ಹೋಗಿ 2014ರ ಸೆಪ್ಟೆಂಬರಿನಲ್ಲಿ 2 ಕೋಟಿ ಚ.ಕಿ.ಮೀ. ದಾಟಿತು. ಪೆಸಿಫಿಕ್‌ನ ತಂಪಿನ ಹಂತ ಅಮುಂಡ್‌ಸೆನ್ ಕಡಿಮೆ ಒತ್ತಡವನ್ನು ಬಲಪಡಿಸಿ ಖಂಡದ ಕೊರೆಯುವ ಗಾಳಿಯನ್ನು ರಾಸ್ ಸಮುದ್ರದತ್ತ ಬೀಸಿಸಿದ್ದು ಇದಕ್ಕೆ ವಿವರಣೆಯಾಗಿತ್ತು. 2016ರ ವಸಂತದಲ್ಲಿ, ಅಲ್ಲಿನ ಲೆಕ್ಕದಲ್ಲಿ ಸೆಪ್ಟೆಂಬರ್–ನವೆಂಬರ್, ಎಲ್ಲ ತಲೆಕೆಳಗಾಯಿತು. 2023ರ ಚಳಿಗಾಲದ ಗರಿಷ್ಠ ವಿಸ್ತಾರ 1.7 ಕೋಟಿ ಚ.ಕಿ.ಮೀ.ಗೂ ಕಡಿಮೆ. ಇದು ಆಂದೋಲನದ ಇನ್ನೊಂದು ಮಗ್ಗುಲೋ, ಆಳದ ಬಿಸಿ ಮೇಲಕ್ಕೆ ಬಂದು ವ್ಯವಸ್ಥೆಯೇ ಹೊಸ ಸ್ಥಿತಿಗೆ ಸರಿದದ್ದೋ ಎಂಬ ಚರ್ಚೆ ನಡೆದಿದೆ. ಎರಡನೆಯದರತ್ತ ವಾಲುವ ವಿಜ್ಞಾನಿಗಳ ಸಂಖ್ಯೆ ಹೆಚ್ಚುತ್ತಿದೆ. 1974ರಿಂದ 1976ರವರೆಗೆ ವೆಡೆಲ್ ಸಮುದ್ರದ ನಟ್ಟನಡು ಚಳಿಗಾಲದಲ್ಲಿ ಸುಮಾರು 2.5 ಲಕ್ಷ ಚ.ಕಿ.ಮೀ. ತೆರೆದ ನೀರಿನ ಬಯಲು ಕಾಣಿಸಿಕೊಂಡಿತ್ತು. ಆಳದ ಬೆಚ್ಚಗಿನ ನೀರು ಮಗುಚಿ ಮೇಲೆ ಬಂದದ್ದೇ ಕಾರಣ. ಅಷ್ಟು ದೊಡ್ಡದು ಮತ್ತೆ ಬಂದಿಲ್ಲ. 2016 ಮತ್ತು 2017ರಲ್ಲಿ ಅದೇ ಪ್ರದೇಶದಲ್ಲಿ ಚಿಕ್ಕವು ತೆರೆದವು.

ಪಶ್ಚಿಮ ಅಂಟಾರ್ಕ್ಟಿಕದ ಪೈನ್ ಐಲೆಂಡ್ ಹಿಮನದಿ ಇನ್ನೊಂದು ಮುಖ್ಯ ಸಾಕ್ಷಿ. ಅದರ ತೇಲುವ ಭಾಗಕ್ಕೆ ಬಿಸಿನೀರಿನಿಂದ ರಂಧ್ರ ಕೊರೆದು ಕಡಲತಳದ ಕೆಸರನ್ನು ಮೇಲೆತ್ತಿ ಪರೀಕ್ಷಿಸಿದಾಗ, ಹಿಮನದಿ ಆತು ನಿಂತಿದ್ದ ನೀರಡಿಯ ದಿಣ್ಣೆಯ ಹಿಂದಕ್ಕೆ ಕಡಲ ನೀರು ಮೊದಲು ನುಗ್ಗಿದ್ದು 1940ರ ದಶಕದಲ್ಲಿ ಎಂದು ಗೊತ್ತಾಯಿತು. ಅದಕ್ಕೆ ಸ್ವಲ್ಪ ಮುಂಚೆ, 1939ರಿಂದ 1942ರವರೆಗೆ, ಪ್ರಬಲ ಎಲ್ ನಿನೊ, ಅಂದರೆ ಉಷ್ಣವಲಯದ ಪೆಸಿಫಿಕ್ ಅಸಹಜವಾಗಿ ಕಾಯುವ ಹಂತ, ಇತ್ತು. ಆ ಎಲ್ ನಿನೊ ಮುಗಿದ ಮೇಲೂ ಹಿಮನದಿ ಹಿಂದಿನ ಜಾಗಕ್ಕೆ ಮರಳಲಿಲ್ಲ. 1970ರ ದಶಕದಲ್ಲಿ ದಿಣ್ಣೆಯಿಂದ ಪೂರ್ತಿ ಕಳಚಿಕೊಂಡಿತು. ಸಾಗರ ಹಿಂದಿನ ಸ್ಥಿತಿಗೆ ಬಂದರೂ ಹಿಮ ಬಾರದಿರಬಹುದು ಎಂಬುದನ್ನು ಇದು ತೋರಿಸುತ್ತದೆ.

ಎರಡು ಧ್ರುವಗಳ ತೂಗುಯ್ಯಾಲೆ

ಸಾವಿರಾರು ವರ್ಷಗಳ ಅಳತೆಯಲ್ಲಿ ಎರಡು ಧ್ರುವಗಳನ್ನು ಕಟ್ಟಿಹಾಕಿರುವುದು ಅಟ್ಲಾಂಟಿಕ್‌ನ ಮಗುಚುವ ಪರಿಚಲನೆಯೇ. ಕಳೆದ ಹಿಮಯುಗದಲ್ಲಿ ಗ್ರೀನ್‌ಲೆಂಡ್ ಇಪ್ಪತ್ತಕ್ಕೂ ಹೆಚ್ಚು ಸಲ ಕೆಲವೇ ದಶಕಗಳಲ್ಲಿ 8ರಿಂದ 16 ಡಿಗ್ರಿ ಬಿಸಿಯಾಗಿ ಮತ್ತೆ ನಿಧಾನ ತಣಿದದ್ದನ್ನು ಅಲ್ಲಿ ಕೊರೆದು ತೆಗೆದ ಹಿಮಸ್ತಂಭಗಳು ಹೇಳುತ್ತವೆ. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಮತ್ತು ಸ್ವಿಟ್ಜರ್ಲೆಂಡಿನ ಹಾನ್ಸ್ ಎಷ್ಗರ್ ಅವರ ಹೆಸರಿನಲ್ಲಿ ಈ ಘಟನೆಗಳನ್ನು ಕರೆಯುತ್ತಾರೆ. ಪರಿಚಲನೆ ಬಲಗೊಂಡಾಗ ಶಾಖ ಉತ್ತರಕ್ಕೆ ಹೋಗಿ ದಕ್ಷಿಣ ತಣಿಯುತ್ತದೆ, ಕುಂದಿದಾಗ ಶಾಖ ದಕ್ಷಿಣದಲ್ಲೇ ಉಳಿದು ಅಂಟಾರ್ಕ್ಟಿಕ ಬೆಚ್ಚಗಾಗುತ್ತದೆ. ಉತ್ತರದ ಬದಲಾವಣೆ ದಕ್ಷಿಣದಲ್ಲಿ ಕಾಣಿಸಿಕೊಳ್ಳಲು ಸರಾಸರಿ ಸುಮಾರು 200 ವರ್ಷ ಬೇಕಾಯಿತೆಂದು ಪಶ್ಚಿಮ ಅಂಟಾರ್ಕ್ಟಿಕದ ಹಿಮಸ್ತಂಭದಿಂದ 2015ರಲ್ಲಿ ತಿಳಿಯಿತು. ಗಾಳಿಯ ಮೂಲಕ ಬಂದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ. ಸುದ್ದಿ ತಂದದ್ದು ನೀರು.

ವಿವಾದ ಮತ್ತು ಮುನ್ಸೂಚನೆ

ಅಟ್ಲಾಂಟಿಕ್‌ನ ಬಹುದಶಕ ಏರಿಳಿತ ಸಾಗರದ ಸ್ವಂತದ್ದೇ ಎಂಬ ಬಗ್ಗೆ ಒಮ್ಮತವಿಲ್ಲ. 1950ರಿಂದ 1980ರವರೆಗೆ ಯೂರೋಪ್ ಮತ್ತು ಅಮೆರಿಕದ ಕಾರ್ಖಾನೆಗಳು ಕಾರಿದ ಗಂಧಕದ ಸೂಕ್ಷ್ಮ ಕಣಗಳು ಬಿಸಿಲನ್ನು ತಡೆದು ಸಾಗರವನ್ನು ತಣಿಸಿದವು, ಹೊಗೆ ಶುದ್ಧವಾದ ಮೇಲೆ ಅದು ಕಾಯಿತು ಎಂದು ಬ್ರಿಟನ್ನಿನ ಹವಾ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ವಾದಿಸಿದರು. ಆಂದೋಲನದ ಹೆಸರನ್ನು ಚಾಲ್ತಿಗೆ ತಂದವರಲ್ಲೊಬ್ಬರಾದ ಮೈಕೆಲ್ ಮ್ಯಾನ್ 2021ರಲ್ಲಿ, ಕೈಗಾರಿಕಾ ಯುಗಕ್ಕೆ ಹಿಂದಿನ ಏರಿಳಿತಗಳು ಜ್ವಾಲಾಮುಖಿಗಳಿಂದ ಆದವೆಂದೂ ಸ್ವತಂತ್ರ ಆಂದೋಲನವೇ ಇಲ್ಲವೆಂದೂ ತಮ್ಮ ಹಿಂದಿನ ನಿಲುವಿಗೆ ವಿರುದ್ಧವಾಗಿ ಬರೆದರು. ಇದಕ್ಕೆ ಎದುರಾಗಿ, ಲವಣತೆ ಮತ್ತು ಪರಿಚಲನೆಯ ಬದಲಾವಣೆಗಳನ್ನು ಕಣಗಳಿಂದ ವಿವರಿಸಲಾಗದು ಎನ್ನುವ ಪಕ್ಷವೂ ಬಲವಾಗಿದೆ. ಮಹಾ ಲವಣತಾ ವೈಪರೀತ್ಯದಂಥ ಘಟನೆಗಳನ್ನು ನೋಡಿದರೆ ಸಾಗರದ ಪಾತ್ರವನ್ನು ಪೂರ್ತಿ ತಳ್ಳಿಹಾಕುವುದು ಕಷ್ಟ.

ಮಾನವನ ಪಾಲೆಷ್ಟು, ಸಹಜ ಏರಿಳಿತದ ಪಾಲೆಷ್ಟು ಎಂಬ ಲೆಕ್ಕ ಇನ್ನೂ ಸೂಕ್ಷ್ಮ. ಕಡಲ ಮಂಜುಗಡ್ಡೆಯ ನಿರಂತರ ಉಪಗ್ರಹ ದಾಖಲೆ 1979ರಲ್ಲಿ, ಅಂದರೆ ಅಟ್ಲಾಂಟಿಕ್‌ನ ತಂಪಿನ ಹಂತದಲ್ಲಿ ಆರಂಭವಾಯಿತು. ಹೀಗಾಗಿ ಮುಂದಿನ ಇಳಿಕೆಯಲ್ಲಿ ಆಂದೋಲನದ ಪಾಲೂ ಸೇರಿದೆ. ಆರ್ಕ್ಟಿಕ್‌ನ ಸೆಪ್ಟೆಂಬರ್ ಮಂಜುಗಡ್ಡೆಯ ಇಳಿಕೆಯಲ್ಲಿ ಶೇ. 30ರಿಂದ 50ರಷ್ಟು ಸಹಜ ಏರಿಳಿತದ್ದು ಎಂದು 2017ರ ಒಂದು ಅಂದಾಜು ಹೇಳುತ್ತದೆ. 2012ರಲ್ಲಿ 34 ಲಕ್ಷ ಚ.ಕಿ.ಮೀ.ಗೆ ಇಳಿದು ಆದ ದಾಖಲೆ 2024ರವರೆಗಿನ ಯಾವ ಬೇಸಿಗೆಯಲ್ಲೂ ಮುರಿಯದಿದ್ದದ್ದು ಈ ಏರಿಳಿತದ ಗುರುತೇ. ಆದರೆ 1930ರ ದಶಕವನ್ನು ತೋರಿಸಿ ಇಂದಿನ ಬಿಸಿಯೂ ಅಂಥದೇ ಎನ್ನುವ ವಾದ ನಿಲ್ಲುವುದಿಲ್ಲ. ಅಂದಿನದು ಹೆಚ್ಚಾಗಿ ಅಟ್ಲಾಂಟಿಕ್ ಕಡೆಯ ಉನ್ನತ ಅಕ್ಷಾಂಶಗಳಲ್ಲಿ ತೀವ್ರವಾಗಿತ್ತು. 1979ರಿಂದೀಚೆಗೆ ಇಡೀ ಆರ್ಕ್ಟಿಕ್ ಜಾಗತಿಕ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಕಾದಿದೆ.

ನೀರು ನಿಧಾನವಾಗಿ ಹರಿಯುವುದರಿಂದ ಒಂದು ಪ್ರಯೋಜನವೂ ಉಂಟು. ನಾರ್ವೆಯ ಸಂಶೋಧಕರು ಬ್ಯಾರೆಂಟ್ಸ್ ಸಮುದ್ರಕ್ಕೆ ಒಳಬರುವ ಶಾಖವನ್ನು ಅಳೆದು ಮುಂದಿನ ಚಳಿಗಾಲದ ಮಂಜುಗಡ್ಡೆಯ ವಿಸ್ತಾರವನ್ನು ಒಂದು ವರ್ಷ ಮುಂಚೆ ಅಂದಾಜಿಸುವ ವಿಧಾನವನ್ನು 2015ರಲ್ಲಿ ಪ್ರಕಟಿಸಿದರು. ಅಟ್ಲಾಂಟಿಕ್‌ನ ನಡುವಿನಲ್ಲಿ ಕಂಡ ಉಷ್ಣತೆಯ ವ್ಯತ್ಯಾಸ ನಾರ್ವೆಯ ತೀರಗುಂಟ ಉತ್ತರಕ್ಕೆ ಸಾಗಲು ಹಲವು ವರ್ಷ ಹಿಡಿಯುವುದರಿಂದ, ಅದೇ ತತ್ತ್ವವನ್ನು ಬ್ಯಾರೆಂಟ್ಸ್‌ನ ಕಾಡ್ ಮೀನಿನ ದಾಸ್ತಾನಿಗೂ ಅನ್ವಯಿಸಿ ಏಳು ವರ್ಷ ಮುಂಚಿನ ಮುನ್ಸೂಚನೆ ಕೊಡಲಾಗಿದೆ. ಗಾಳಿ ಹಠಾತ್ತನೆ ದಿಕ್ಕು ಬದಲಿಸಿದ ವರ್ಷಗಳಲ್ಲಿ ಈ ಅಂದಾಜುಗಳು ತಪ್ಪುತ್ತವೆ. ಅಂಟಾರ್ಕ್ಟಿಕದ ಸುತ್ತ ನಿರಂತರ ಅಳತೆಯ ಸಾಲುಗಳು ಇನ್ನೂ ವಿರಳವಾಗಿರುವುದರಿಂದ ಅಲ್ಲಿ ಇಂಥ ಮುನ್ಸೂಚನೆ ಆರಂಭದ ಹಂತದಲ್ಲೇ ಇದೆ.